ಕಾಫಿ ಬೀಜ ಮನೆಯಲ್ಲೇ ಹುರಿಯಿರಿ, ಕಿವಿಗೊಟ್ಟು ಹುರಿಯಿರಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಅಡಿಕೆ ತೋಟದ ನಡುವೆ ನಾಲ್ಕು ಕಾಫಿ ಗಿಡ ಇಟ್ಟುಕೊಂಡ ಮನೆಗಳು ಎಷ್ಟೋ ಇವೆ. ಹಣ್ಣು ಕೊಯ್ದು, ಅಂಗಳದಲ್ಲಿ ಒಣಗಿಸಿ, ಚೀಲ ಕಟ್ಟಿ ಮಾರುತ್ತೇವೆ. ಕುಡಿಯುವ ಪುಡಿ ಮಾತ್ರ ಪೇಟೆಯಿಂದ ಬರುತ್ತದೆ. ನಮ್ಮದೇ ತೋಟದ ಕಾಫಿಯ ರುಚಿ ನಮಗೆ ಗೊತ್ತಿಲ್ಲ ಅಂದರೆ ಬೇಜಾರಲ್ವಾ? ಕಾಲು ಕೆಜಿ ಬೀಜ, ಒಂದು ಕಬ್ಬಿಣದ ಬಾಣಲೆ, ಅರ್ಧ ಗಂಟೆ ಬಿಡುವು ಇದ್ದರೆ ಸಾಕು.

ಬೀಜ ಆರಿಸುವುದು

ಸಿಪ್ಪೆ ಸಮೇತ ಒಣಗಿಸಿದ ಚೆರಿ ಆಗಿದ್ದರೆ, ಒಂದು ಹಿಡಿ ತೆಗೆದುಕೊಂಡು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಗಲಗಲ ಎನ್ನಬೇಕು. ಸದ್ದು ಬರದಿದ್ದರೆ ಇನ್ನೂ ಬಿಸಿಲು ಬೇಕು ಎಂದರ್ಥ. ಸ್ವಲ್ಪವೇ ಇದ್ದರೆ ಒರಳಿಗೆ ಹಾಕಿ ಒನಕೆಯಲ್ಲಿ ಮೆತ್ತಗೆ ಕುಟ್ಟಿ, ಮೊರದಲ್ಲಿ ಕೇರಿ. ಜಾಸ್ತಿ ಇದ್ದರೆ ಮಿಲ್ಲೇ ವಾಸಿ.

ಆಮೇಲೆ ಕೂತು ಆರಿಸಿ. ಕಪ್ಪು ಬೀಜ, ಹುಳು ತೂತು ಕೊರೆದ ಬೀಜ, ಚೂರು ಎಲ್ಲ ತೆಗೆಯಿರಿ. ಇದಕ್ಕೆ ಬೇಸರ ಮಾಡಬೇಡಿ, ಕೆಟ್ಟ ಬೀಜ ನಾಲ್ಕೇ ಸೇರಿದರೂ ಲೋಟದಲ್ಲಿ ಗೊತ್ತಾಗುತ್ತದೆ. ಅರೇಬಿಕಾ, ರೋಬಸ್ಟಾ ಎರಡೂ ಇದ್ದರೆ ಬೇರೆ ಬೇರೆ ಹುರಿದು ಆಮೇಲೆ ಬೆರೆಸಿ. ಎರಡರ ಹದ ಒಂದೇ ಹೊತ್ತಿಗೆ ಬರುವುದಿಲ್ಲ. ದುಂಡಗಿನ ಒಂಟಿ ಬೀಜ, ಅಂದರೆ ಪೀಬೆರಿ, ಸಾಕಷ್ಟು ಸಿಕ್ಕರೆ ಅದನ್ನೂ ಬೇರೆ ಇಡಿ.

ನಮ್ಮ ಮಳೆಗಾಲದಲ್ಲಿ ಅಟ್ಟದ ಮೇಲಿಟ್ಟ ಬೀಜವೂ ಥಂಡಿ ಹೀರಿ, ಬಿಳಿಚಿಕೊಂಡು ಊದಿಕೊಳ್ಳುತ್ತದೆ. ಕರಾವಳಿಯಲ್ಲಿ ಬೇಕೆಂದೇ ಹೀಗೆ ಮಳೆಗಾಳಿಗೆ ಒಡ್ಡಿ 'ಮಾನ್ಸೂನ್ಡ್ ಮಲಬಾರ್' ಕಾಫಿ ತಯಾರಿಸುತ್ತಾರೆ. ಅದು ಬೇರೆಯೇ ಕಸುಬು. ನೀವು ಒಂದು ಒಳ್ಳೆ ಬಿಸಿಲು ಕಾಣಿಸಿಯೇ ಹುರಿಯಿರಿ.

ಬಾಣಲೆಯ ಕೆಲಸ

ಬಾಣಲೆ ದಪ್ಪ ತಳದ್ದಿರಲಿ. ನಾನ್‌ಸ್ಟಿಕ್ ಬೇಡವೇ ಬೇಡ, ಇಷ್ಟು ಕಾವಿಗೆ ಅದರ ಲೇಪ ಹಾಳಾಗುತ್ತದೆ. ಹೊಗೆ ಚೆನ್ನಾಗೇ ಬರುತ್ತದೆ, ಕಿಟಕಿ ತೆರೆದಿಡಿ. ಹಿತ್ತಲಲ್ಲಿ ಒಲೆ ಇದ್ದರೆ ಇನ್ನೂ ಒಳ್ಳೆಯದು.

ಬಾಣಲೆ ಮೂರು ನಿಮಿಷ ಕಾಯಲಿ. ಬೀಜ ಹಾಕಿ, ಮಧ್ಯಮ ಉರಿಯಲ್ಲಿ ಮರದ ಸಟ್ಟುಗದಿಂದ ತಿರುವುತ್ತಲೇ ಇರಿ. ಕೈ ನಿಂತರೆ ಒಂದು ಮಗ್ಗುಲು ಸೀಯುತ್ತದೆ. ಐದಾರು ನಿಮಿಷದಲ್ಲಿ ಹಸಿರು ಹೋಗಿ ಹಳದಿ ಬರುತ್ತದೆ. ಆಗ ಬರುವುದು ಒಣಹುಲ್ಲಿನ ವಾಸನೆ, ಕಾಫಿಯದಲ್ಲ. ಬೀಜದೊಳಗಿನ ನೀರು ಆರುವ ಹೊತ್ತು ಅದು. ಅವಸರಕ್ಕೆ ಉರಿ ಜೋರು ಮಾಡಿದರೆ ಮೇಲೆ ಬಣ್ಣ ಬಂದು ಒಳಗೆ ಹಸಿ ಉಳಿಯುತ್ತದೆ, ಡಿಕಾಕ್ಷನ್ ಹುಳಿ ಹೊಡೆಯುತ್ತದೆ. ನಿಧಾನಕ್ಕೆ ಕಂದು ಬಣ್ಣ ಬರುತ್ತಾ ತೆಳು ಸಿಪ್ಪೆ ಬಿಟ್ಟು ಹಾರುತ್ತದೆ. ಉರಿಗೆ ಬಿದ್ದರೆ ಹೊತ್ತಿಕೊಳ್ಳಬಹುದು, ಮುಖ ದೂರ ಇರಲಿ.

ಈಗ ಟಿವಿ ಆರಿಸಿ, ಮಾತು ನಿಲ್ಲಿಸಿ. ಹತ್ತು ನಿಮಿಷದ ಆಸುಪಾಸಿಗೆ ಒಂದು ಬೀಜ ಚಟ್ ಎನ್ನುತ್ತದೆ. ಸ್ವಲ್ಪ ಬಿಟ್ಟು ಇನ್ನೊಂದು. ಮತ್ತೆ ಭತ್ತದ ಅರಳು ಹುರಿದ ಹಾಗೆ ಬಾಣಲೆ ತುಂಬಾ ಚಟಪಟ. ಬೀಜದ ಕಾವು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ, ಒಳಗಿನ ಆವಿಯ ಒತ್ತಡಕ್ಕೆ ಬೀಜ ಬಿರಿಯುವ ಸದ್ದು ಇದು. ಬೀಜ ಉಬ್ಬುತ್ತದೆ, ನಡುವಿನ ಗೀರು ಬಾಯಿಬಿಡುತ್ತದೆ, ಘಮ ಜಗಲಿವರೆಗೂ ಹೋಗುತ್ತದೆ. ಉರಿ ಸಣ್ಣ ಮಾಡಿ. ಒಂದೆರಡು ನಿಮಿಷದಲ್ಲಿ ಸದ್ದು ಅಡಗುತ್ತದೆ. ಹಾಲು ಹಾಕದೆ ಕುಡಿಯುವವರು ಇಲ್ಲಿಗೇ ಇಳಿಸಬಹುದು.

ಹಾಲಿನ ಫಿಲ್ಟರ್ ಕಾಫಿಗೆ ಇನ್ನು ಸ್ವಲ್ಪ ಬೇಕು. ಕಾವು 225 ಡಿಗ್ರಿ ಹತ್ತಿರ ಬಂದಾಗ ಎರಡನೇ ಸದ್ದು ಶುರುವಾಗುತ್ತದೆ. ಇದು ಮೊದಲಿನಷ್ಟು ಗಟ್ಟಿ ಇರುವುದಿಲ್ಲ, ಸಣ್ಣಗೆ ಚಿಟಿಚಿಟಿ ಎನ್ನುತ್ತದೆ. ಮೂರ್ನಾಲ್ಕು ಚಿಟಿ ಕೇಳಿದ ಕೂಡಲೇ ಇಳಿಸಬೇಕು ಅನ್ನುವುದು ನನ್ನ ಲೆಕ್ಕ. ಬಣ್ಣ ನಂಬಿ ಕೂತರೆ ತಡವಾಗುತ್ತದೆ. ಆ ಹೊಗೆಯಲ್ಲಿ, ಅಡುಗೆಮನೆ ಬಲ್ಬಿನ ಬೆಳಕಿನಲ್ಲಿ ಕಂದು ಯಾವುದು, ಕಪ್ಪು ಯಾವುದು ತಿಳಿಯುವುದೇ ಇಲ್ಲ. ಚಿಟಿಚಿಟಿ ಜೋರಾಗಿ ಬೀಜದ ಮೈಮೇಲೆ ಎಣ್ಣೆ ಹೊಳೆಯಿತು ಅಂದರೆ ಹದ ದಾಟಿತು.

ಒಲೆ ಆರಿಸಿದರೆ ಸಾಲದು. ಬಾಣಲೆಯಲ್ಲೇ ಬಿಟ್ಟರೆ ಬೀಜ ತನ್ನ ಕಾವಿಗೇ ಹುರಿಯುತ್ತಾ ಹೋಗುತ್ತದೆ. ತಕ್ಷಣ ಅಗಲವಾದ ಸ್ಟೀಲ್ ಜರಡಿಗೆ ಸುರಿದು, ಫ್ಯಾನಿನ ಕೆಳಗೆ ಸಟ್ಟುಗ ಆಡಿಸಿ. ಮೂರ್ನಾಲ್ಕು ನಿಮಿಷದಲ್ಲಿ ಕೈಯಿಂದ ಮುಟ್ಟುವಷ್ಟು ಆರಬೇಕು. ಉಳಿದ ಸಿಪ್ಪೆ ಊದಿ ತೆಗೆಯಿರಿ. ತೂಗಿ ನೋಡಿದರೆ 250 ಗ್ರಾಂ ಸುಮಾರು 210ಕ್ಕೆ ಇಳಿದಿರುತ್ತದೆ.

ಹುರಿಯುವಾಗ ಒಂದು ಚಮಚ ತುಪ್ಪ ಹಾಕುವ ರೂಢಿ ಕೆಲವು ಕಡೆ ಇದೆ. ಹೊಳಪು ಬರುತ್ತದೆ ನಿಜ, ಆದರೆ ಇಟ್ಟಷ್ಟೂ ಜಿಡ್ಡು ಕಮಟು ಹಿಡಿಯುತ್ತದೆ. ನಾನಂತೂ ಬೇಡ ಎನ್ನುತ್ತೇನೆ.

ಪುಡಿ, ಡಬ್ಬ

ಹುರಿದ ದಿನವೇ ಕುಡಿಯುವ ಆಸೆ ತಡೆದುಕೊಳ್ಳಿ. ಬೀಜದಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಾ ಇರುತ್ತದೆ. ಮೊದಲ ರಾತ್ರಿ ಡಬ್ಬದ ಮುಚ್ಚಳ ಸಡಿಲ ಇರಲಿ, ಮರುದಿನ ಬಿಗಿ ಮಾಡಿ. ಒಂದೆರಡು ದಿನ ಬಿಟ್ಟರೆ ರುಚಿ ಕೂಡಿಬರುತ್ತದೆ. ಬೀಜವಾಗಿಯೇ ಇಟ್ಟು, ಬೇಕಾದಷ್ಟೇ ಪುಡಿ ಮಾಡಿಕೊಳ್ಳಿ. ಮಿಕ್ಸಿಯನ್ನು ಒಂದೇ ಸಮ ಓಡಿಸದೆ ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಪುಡಿ ಬಿಸಿಯಾಗಿ ಘಮ ಅಲ್ಲೇ ಹೋಗುತ್ತದೆ. ತೀರಾ ನುಣ್ಣಗಾದರೆ ಫಿಲ್ಟರ್ ಕಟ್ಟಿಕೊಂಡು ಡಿಕಾಕ್ಷನ್ ಇಳಿಯುವುದಿಲ್ಲ. ಚಿಕೋರಿ ಬೇಕೆನ್ನುವವರು ಪುಡಿಯಾದ ಮೇಲೆ ಬೆರೆಸಿ. ಆದರೆ ಮೊದಲ ಸಲ ಚಿಕೋರಿ ಇಲ್ಲದೆ ಒಂದು ಲೋಟ ಕುಡಿದು ನೋಡಿ, ಆಮೇಲೆ ಎಷ್ಟು ಬೇಕು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.