ಮಾರುತಿ 800ರ ಮುಂದಿನ ಸೆಟ್ ಹಿಂದಕ್ಕೆ: 430 ಕಿಲೋದ ಕಾರು ಕಟ್ಟಿದ ನನ್ನ ಅನುಭವ

ಇಂಜಿನ್ ಸಮೇತ ಮುಂದಿನ ಸೆಟ್ಟನ್ನು ಹಿಂದೆ ಕೂರಿಸಿದರೆ ಗಾಡಿ ನೇರ ಓಡುವುದೇ ಇಲ್ಲ ಎಂದು ಮಣಿಪಾಲದಿಂದ ಬೈಕಂಪಾಡಿಯವರೆಗೆ ಗೊತ್ತಿದ್ದವರೆಲ್ಲ ಹೇಳಿದ್ದರು. ಈಗ ಗಂಟೆಗೆ 60ರಲ್ಲಿ ಸ್ಟೇರಿಂಗ್ ಸಡಿಲ ಬಿಟ್ಟರೂ ಗೆರೆ ಎಳೆದ ಹಾಗೆ ಹೋಗುತ್ತದೆ.

ಡೋನರ್ (ಬಿಡಿಭಾಗ ಕಿತ್ತುಕೊಂಡ ಹಳೆ ಕಾರು) ಕಾರ್ಬ್ಯುರೇಟರಿನ 800. ಇಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಸೇರಿದ ಕಂಬ) ಎಲ್ಲ ಇಡಿಯಾಗಿ ಸೀಟಿನ ಬೆನ್ನಿಗೆ. ಗೇರ್ ರಾಡು ಹತ್ತಿರವಾಗುತ್ತದೆಂದು ಸೆಟ್ಟನ್ನು ಹಿಂದುಮುಂದಾಗಿ ಇಡಬೇಡಿ. ರಿವರ್ಸ್ ನಾಲ್ಕು, ಫಾರ್ವರ್ಡ್ ಒಂದು ಸಿಗುತ್ತದೆ.

ಎಲ್ಲ ಕೆಟ್ಟಿದ್ದು ಟೈ ರಾಡಿನಲ್ಲಿ, ಅಂದರೆ ಸ್ಟೇರಿಂಗ್ ರ‍್ಯಾಕನ್ನು ಚಕ್ರಕ್ಕೆ ಜೋಡಿಸುವ ಸರಳಿನಲ್ಲಿ. ಸ್ಟೇರಿಂಗ್ ಬೇಡದ ಚಕ್ರವಾದ್ದರಿಂದ ಟೈ ರಾಡನ್ನು ಅರ್ಧಕ್ಕೆ ಕತ್ತರಿಸಿ ಕೈಗೆ ಸಿಕ್ಕ ಪೈಪಿಗೆ ಬೋಲ್ಟ್ ಹಾಕಿದೆ. ನಿಂತಾಗ ಅಲೈನ್‌ಮೆಂಟ್ ಸರಿ. ಆದರೆ ಚಕ್ರ ಎರಡು ಇಂಚು ಮೇಲೆ ಹೋದರೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ವಾಲುವ ಅಳತೆ) ಒಂದು ಬೆರಳಿನ ದಪ್ಪದಷ್ಟು ತಿರುಗುತ್ತಿತ್ತು. 40 ದಾಟಿದರೆ ಬಾಲ ಅಲ್ಲಾಡುತ್ತಿತ್ತು, 200 ಕಿ.ಮೀ. ಒಳಗೆ ಎರಡು ಟೈರಿನ ಅಂಚು ಸವೆದುಹೋಯಿತು. ಐದು ಸಾವಿರ ನೀರುಪಾಲು. ಮೂಲ ರ‍್ಯಾಕಿನ ತುದಿ ಎಲ್ಲಿತ್ತೋ, ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಬುಶ್‌ನಿಂದ ಎಷ್ಟು ಮೇಲೆ, ಎಷ್ಟು ಹಿಂದೆ ಇತ್ತೋ, ಅದೇ ಜಾಗದಲ್ಲಿ ಬ್ರಾಕೆಟ್ ಬರಬೇಕು. ರಾಡಿನ ಉದ್ದವೂ ಮೂಲದ್ದೇ. ಡೋನರ್ ಕತ್ತರಿಸುವ ಮೊದಲೇ ಇದನ್ನು ಅಳೆದಿಡಬೇಕಿತ್ತು. ನಾನು ಗುಜರಿಯಲ್ಲಿ ಇನ್ನೊಂದು 800 ಹುಡುಕಿ ಅಳೆದೆ. ಟೋ ಒಳಗೆ 2ರಿಂದ 3 ಎಂಎಂ. ಸ್ಟೆಬಿಲೈಜರ್ ಬಾರ್ ಭಾರಕ್ಕೆಂದು ಬಿಟ್ಟುಬಿಡಬೇಡಿ, ಈ ಕಾರಿನಲ್ಲಿ ಆರ್ಮನ್ನು ಹಿಂದೆಮುಂದೆ ಹೋಗದಂತೆ ಹಿಡಿಯುವುದೇ ಅದು.

ಚಾಸಿಗೆ 25 ಎಂಎಂ ಚೌಕ ಪೈಪು, 20 ಅಡಿಯ ಏಳು ಉದ್ದ, ಸುಮಾರು 60 ಕಿಲೋ. ಮೊದಲು 1.6 ಎಂಎಂ ದಪ್ಪದ್ದು ಹಾಕಿ ಹತ್ತು ಕಿಲೋ ಉಳಿಸಿದ್ದೆ. ಸ್ಟ್ರಟ್ ಟವರ್ ಬುಡದಲ್ಲಿ, ವೆಲ್ಡ್ ಮೇಲಲ್ಲ, ಅದರ ಪಕ್ಕದಲ್ಲೇ ಬಿರುಕು ಬಿಟ್ಟಿತು. ಈಗ 2 ಎಂಎಂ. ಪೈಪಿನ ಬಾಯಿ ಪೂರ್ತಿ ಮುಚ್ಚದಿದ್ದರೆ ನಮ್ಮ ಕಡಲಗಾಳಿ ಒಳಗಿನಿಂದ ತಿನ್ನುತ್ತದೆ. ದೋಣಿಗೆ ಹಚ್ಚುವ ಗೇರೆಣ್ಣೆಯನ್ನು (ಗೇರುಬೀಜದ ಸಿಪ್ಪೆಯ ಎಣ್ಣೆ) ಅಡಿಭಾಗಕ್ಕೆ ಬಳಿದು ನೋಡಿದೆ: ಒಂದು ಮಳೆಗಾಲ ಕಳೆದರೂ ತುಕ್ಕಿಲ್ಲ. ಕೈಗೆ ತಾಗಿದರೆ ಚರ್ಮ ಸುಟ್ಟು ಸಿಪ್ಪೆ ಏಳುತ್ತದೆ, ಗ್ಲೌಸ್ ಬೇಕೇ ಬೇಕು.

ಮುಂದಿನ ಚಕ್ರಗಳಿಗೂ ಗುಜರಿಯ 800ರದ್ದೇ ಸ್ಟ್ರಟ್. ಇಂಜಿನ್ ಭಾರವಿಲ್ಲದೆ ಮೂತಿ ಆಕಾಶ ನೋಡುತ್ತಿತ್ತು. ಸ್ಪ್ರಿಂಗ್ ಒಂದೂವರೆ ಸುತ್ತು ಕತ್ತರಿಸಿದೆ. ಎತ್ತರ ಇಳಿಯಿತು, ಸ್ಪ್ರಿಂಗ್ ಇನ್ನಷ್ಟು ಗಡಸಾಯಿತು. ಕೊನೆಗೆ ಸಪೂರ ತಂತಿಯ ಸ್ಪ್ರಿಂಗ್ ಸುತ್ತಿಸಿದೆ. ತಂತಿಯ ಅಳತೆ, ಸುತ್ತಿನ ಲೆಕ್ಕ ನನ್ನಲ್ಲೇ ಇರಲಿ, ಮೂರು ಜೊತೆ ಹಾಳು ಮಾಡಿ ಸಿಕ್ಕಿದ್ದು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್ ಮುಂದೆ ಇಟ್ಟೆ. ವೇಬ್ರಿಡ್ಜ್‌ನಲ್ಲಿ ಮುಂದೆ 165, ಹಿಂದೆ 265 ತೋರಿಸಿತು.

ರೇಡಿಯೇಟರ್ ಇಂಜಿನ್ ಪಕ್ಕ ಇಟ್ಟಾಗ ಹತ್ತೇ ನಿಮಿಷಕ್ಕೆ ಕುದಿಯಿತು. ಮೂತಿಗೆ ತಂದು ಸ್ಟೀಲ್ ಪೈಪು ಎಳೆದೆ. ಪೈಪಿನ ತುದಿಗೆ ಉಬ್ಬು ಇಲ್ಲದಿದ್ದರೆ ಹೋಸ್ ಕಿತ್ತು ಬರುತ್ತದೆ. ನೀರು ತುಂಬುವ ಬಾಯಿ ಎಲ್ಲಕ್ಕಿಂತ ಎತ್ತರದಲ್ಲಿಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಕ್ಸಲರೇಟರಿಗೆ ಹಿಂದೆ ಇಂಜಿನ್ ಇರುವ ರಿಕ್ಷಾದ ಕೇಬಲ್ ಉದ್ದ ಸರಿಹೋಯಿತು. ಈಗ ಹಿಂದೆ ಬಂದ ಮುಂದಿನ ಸೆಟ್ಟಿನ ಕ್ಯಾಲಿಪರಿಗೆ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗ) ಹ್ಯಾಂಡ್‌ಬ್ರೇಕ್ ಇರುವುದಿಲ್ಲ, ಅದೇ ಡಿಸ್ಕಿಗೆ ಕೇಬಲ್‌ನಲ್ಲಿ ಹಿಡಿಯುವ ಬೇರೆ ಕ್ಯಾಲಿಪರ್ ಹಾಕಬೇಕು.

ಬಾಡಿ ಫೈಬರಿನದು, ಮಲ್ಪೆಯ ದೋಣಿ ಕೆಲಸದವರಿಂದ ಕಲಿತದ್ದು. ಚದರ ಮೀಟರಿಗೆ 450 ಗ್ರಾಂನ ಗಾಜುನಾರಿನ ಮ್ಯಾಟ್ ಎರಡು ಪದರ, ರೆಸಿನ್ 17-18 ಕಿಲೋ. ಆಟಿ ತಿಂಗಳ ಮಳೆಯಲ್ಲಿ ಎಳೆದ ಬಾನೆಟ್ ಒಣಗಲೇ ಇಲ್ಲ, ಮ್ಯಾಟ್ ತೇವ ಕುಡಿದಿತ್ತು. ಡಿಸೆಂಬರಿನಲ್ಲಿ ಮತ್ತೆ ಎಳೆದೆ. ಕೋಬಾಲ್ಟನ್ನು (ರೆಸಿನ್ ಬೇಗ ಗಟ್ಟಿಯಾಗಿಸುವ ದ್ರಾವಣ) ಮೊದಲು ರೆಸಿನ್‌ಗೆ ಕಲಸಿ, ಆಮೇಲೆ ಹಾರ್ಡನರ್. ಅವೆರಡನ್ನು ನೇರವಾಗಿ ಸೇರಿಸಿದರೆ ಸ್ಫೋಟ.

ಡೋನರ್ 28 ಸಾವಿರ, ಗುಜರಿ ಸೆಟ್ 6, ಪೈಪು 6, ವೆಲ್ಡಿಂಗ್ ಮತ್ತು ಲೇತ್ 13, ಫೈಬರ್ 14, ಟೈರು 10, ಬ್ರೇಕ್ ಹೋಸ್ ಇತ್ಯಾದಿ 8. ಬಾಗಿಲು, ಗಾಜು, ಸೀಟು ಮಾರಿ 9 ಸಾವಿರ ವಾಪಸ್. ಮುಕ್ಕಾಲು ಲಕ್ಷದ ಆಸುಪಾಸು, ಹಾಳಾದ ಟೈರು, ಸ್ಪ್ರಿಂಗ್ ಬೇರೆ. ನೋಂದಣಿ ಇಲ್ಲದ್ದರಿಂದ ಓಡಾಟ ಸ್ವಂತ ಜಾಗದ ಮುರಕಲ್ಲು ಪಾದೆಯಲ್ಲಿ (ಕೆಂಪುಕಲ್ಲಿನ ಬಯಲು) ಮಾತ್ರ. ಗೇರ್ ಲಿಂಕಿನ ನಾಲ್ಕು ಬುಶ್ ಇನ್ನೂ ಬೇಗ ಸವೆಯುತ್ತಿವೆ. ಈ ಸಲ ನೈಲಾನ್ ಬಿಟ್ಟು ಕಂಚಿನ ಜಾತಿಯ ಗನ್‌ಮೆಟಲ್ ಲೇತಿನಲ್ಲಿ ತಿರುಗಿಸಲು ಕೊಟ್ಟಿದ್ದೇನೆ.