ವರದಿ ಕೆಟ್ಟಿದೆ, ವ್ಯಾಪಾರ ಇನ್ನೂ ಕೆಟ್ಟಿಲ್ಲ

ಮನೆ ಕೊಡಿಸುವ ದಲ್ಲಾಳಿ ನಾನು. ತಪಾಸಣೆಯ ವರದಿ ಕೈಸೇರಿದ ದಿನ ಕೊಳ್ಳುವವರಿಗೆ ಹೇಳುವ ಮೊದಲ ಮಾತು: ಇವತ್ತು ಮಾರುವವರಿಗೆ ಫೋನ್ ಮಾಡಬೇಡಿ. ಕರಾರಿನಲ್ಲಿ ತಪಾಸಣೆಗೆ ಕೊಟ್ಟ ಗಡುವು ಇನ್ನೆಷ್ಟು ದಿನ ಉಳಿದಿದೆ ನೋಡಿ. ಸಾಲದಿದ್ದರೆ ಅದು ಮುಗಿಯುವ ಮೊದಲೇ ಲಿಖಿತವಾಗಿ ವಿಸ್ತರಿಸಿಕೊಳ್ಳಿ. ಗಡುವು ದಾಟಿದ ಮೇಲೆ ಮುಂಗಡ ವಾಪಸಾಗುವ ಭರವಸೆಯೂ ಇರುವುದಿಲ್ಲ.

ಆಮೇಲೆ ಪೆನ್ನು ಹಿಡಿದು ವರದಿಯನ್ನು ಜರಡಿಯಾಡಿ. ಸಡಿಲಾದ ಚಿಲಕ, ತೊಟ್ಟಿಕ್ಕುವ ನಲ್ಲಿ, ಗಿಲಾವಿನ ಮೇಲಿನ ಕೂದಲೆಳೆಯಂಥ ಬಿರುಕು ಎಲ್ಲವನ್ನೂ ಹೊಡೆದುಹಾಕಿ. ಸೋರುವ ಚಾವಣಿ, ಅರ್ಥಿಂಗ್ ಇಲ್ಲದ ವೈರಿಂಗ್, ಗೆದ್ದಲು, ಗೋಡೆಯಲ್ಲಿ ಓರೆಯಾಗಿ ಏರುವ ಅಗಲ ಬಿರುಕು, ಇಂಥವು ಮಾತ್ರ ಉಳಿಯಲಿ. ಆ ಬಿರುಕು ತಳಪಾಯ ಕುಸಿದ ಗುರುತಾಗಿರಬಹುದು. ಅದಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಬೇಕು. ಉಳಿದವಕ್ಕೆ ಇಬ್ಬರು ಗುತ್ತಿಗೆದಾರರಿಂದ ಬರವಣಿಗೆಯಲ್ಲಿ ಅಂದಾಜು ಪಡೆಯಿರಿ.

ಒಮ್ಮೆ ನಾನು 40 ಪುಟದ ವರದಿಯನ್ನು ಇದ್ದಹಾಗೇ ಮಾರುವವರಿಗೆ ಕಳಿಸಿಬಿಟ್ಟಿದ್ದೆ. ಮನೆ ಕಟ್ಟಿಸಿದ್ದ ಹಿರಿಯರು "ನನ್ನ ಮನೆ ಅಷ್ಟು ಹಾಳಾಗಿದ್ದರೆ ಅವರು ಬೇರೆ ನೋಡಿಕೊಳ್ಳಲಿ" ಎಂದು ಫೋನ್ ಇಟ್ಟರು. ಮರುದಿನ ಒಂದು ಸ್ಕ್ರೂಡ್ರೈವರ್ ಹಿಡಿದು ಅಲ್ಲಿಗೇ ಹೋದೆ. ಅವರ ಅಪ್ಪಣೆ ಪಡೆದು ಹಿಂದಿನ ಕಿಟಕಿಯ ಚೌಕಟ್ಟಿಗೆ ಮೆಲ್ಲಗೆ ಒತ್ತಿದೆ. ಬಣ್ಣದ ಪದರ ಒಡೆದು, ಸ್ಕ್ರೂಡ್ರೈವರ್ ಹಿಡಿಯವರೆಗೂ ಒಳಗಿಳಿಯಿತು. ಹೊರಗೆಳೆದಾಗ ಗೆದ್ದಲು ತಿಂದ ಮರದ, ಮಣ್ಣು ಬೆರೆತ ಹುಡಿ ಉದುರಿತು. ಹಿರಿಯರು ಅದನ್ನು ಬೆರಳಲ್ಲಿ ಉಜ್ಜಿ ನೋಡಿದರು. ಅಂದಾಜು ಎಷ್ಟು ಎಂದು ಕೇಳಿದ್ದು ಅವರೇ.

ಪರಿಹಾರ ಯಾವ ರೂಪದಲ್ಲಿರಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. "ನಾನೇ ರಿಪೇರಿ ಮಾಡಿಸಿಕೊಡುತ್ತೇನೆ" ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಬಿಟ್ಟುಹೋಗುವ ಮನೆಗೆ ಒಳ್ಳೆಯ ಸಾಮಾನು ಹಾಕಿಸುವವರು ಅಪರೂಪ. ಬೆಲೆ ಇಳಿಸಿಕೊಳ್ಳಬಹುದು, ಆದರೆ ಸಾಲ ಮಾಡಿ ಕೊಳ್ಳುವವರಿಗೆ ಅದರಿಂದ ಕಂತು ಕೊಂಚ ತಗ್ಗುತ್ತದೆಯೇ ಹೊರತು ರಿಪೇರಿಗೆ ಕೈಯಲ್ಲಿ ಕಾಸು ಉಳಿಯುವುದು ಕಷ್ಟ. ಅಂಥವರು ಮಾರುವವರಿಗೆ ಸಲ್ಲಬೇಕಾದ ಹಣದಲ್ಲಿ ಅಂದಾಜಿನಷ್ಟನ್ನು ಇಬ್ಬರಿಗೂ ಒಪ್ಪಿಗೆಯಾದ ಮೂರನೆಯವರ ಬಳಿ ಇರಿಸಿ, ಕೆಲಸ ಮುಗಿದಂತೆ ಬಿಡಿಸಿಕೊಳ್ಳುವುದು ಮೇಲು. ಸಾಲ ಕೊಡುವ ಬ್ಯಾಂಕ್ ಇದಕ್ಕೆ ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ. ಏನೇ ಒಪ್ಪಿದರೂ ಪೂರಕ ಕರಾರಿನಲ್ಲಿ ಬರೆಸಿ.

ಆ ಹಿರಿಯರು ಖರ್ಚಿನಲ್ಲಿ ಅರ್ಧ ಭರಿಸಲು ಒಪ್ಪಿದರು. ಸಹಿ ಹಾಕುವ ಮುನ್ನ ಒಂದು ಸಾಲು ಸೇರಿಸಲು ಹೇಳಿದರು: ಚೌಕಟ್ಟು ಬದಲಿಸುವ ದಿನ ತಮ್ಮನ್ನು ಕರೆಯಬೇಕು.