ಕೆಸರಿಗೆ ಇಳಿಸುವ ಪಿಕಪ್: ಕೊಳ್ಳುವ ಮೊದಲು ಅಡಿಗೆ ಬಗ್ಗಿ ನೋಡಿ

ಕೆಸರಲ್ಲಿ ಓಡಿಸಲು ಪಿಕಪ್ ಬೇಕು ಅನ್ನುವವರು ಮೊದಲು ಕೇಳುವುದು ಒಂದೇ ಮಾತು: ‘ಎಷ್ಟು ಇಂಚು ಲಿಫ್ಟ್ ಮಾಡಿಸಲಿ, ಅಂದರೆ ಗಾಡಿಯನ್ನು ಎಷ್ಟು ಎತ್ತರಿಸಲಿ?’

ಒಂದು ಕೆಲಸ ಮಾಡಿ. ಯಾವುದಾದರೂ ಪಿಕಪ್ ಹಿಂದೆ ಹೋಗಿ, ಬಗ್ಗಿ, ಹಿಂದಿನ ಎರಡು ಚಕ್ರಗಳ ನಡುವೆ ನೋಡಿ. ಎರಡೂ ಚಕ್ರಗಳನ್ನು ಜೋಡಿಸುವ ಆಕ್ಸಲ್ ಮಧ್ಯದಲ್ಲಿ ಒಂದು ದುಂಡಗಿನ ಕಬ್ಬಿಣದ ಗಡ್ಡೆ ಕಾಣುತ್ತದೆ. ಅದೇ ಡಿಫರೆನ್ಷಿಯಲ್, ಇಂಜಿನ್ ಬಲವನ್ನು ಎರಡು ಚಕ್ರಕ್ಕೂ ಹಂಚುವ ಗೇರುಗಳು ಅದರೊಳಗಿರುತ್ತವೆ. ಗಾಡಿಯನ್ನು ಆರು ಇಂಚು ಎತ್ತರಿಸಿದರೂ ಆ ಗಡ್ಡೆ ಇದ್ದಲ್ಲೇ ಇರುತ್ತದೆ. ಯಾಕೆಂದರೆ ಲಿಫ್ಟ್ ಎತ್ತುವುದು ಆಕ್ಸಲ್ ಮೇಲಿರುವ ಚಾಸಿಯನ್ನು (ಗಾಡಿಯ ಕಬ್ಬಿಣದ ಚೌಕಟ್ಟನ್ನು), ಆಕ್ಸಲನ್ನಲ್ಲ. ಆಕ್ಸಲನ್ನು ಎತ್ತುವುದು ಟೈರ್ ಮಾತ್ರ. 31 ಇಂಚಿನ ಟೈರ್ ತೆಗೆದು 35 ಇಂಚಿನದು ಹಾಕಿದರೆ ಆ ಗಡ್ಡೆ 2 ಇಂಚು ಮೇಲೆ ಬರುತ್ತದೆ. ಕೆಸರಲ್ಲಿ ಮೊದಲು ಸಿಕ್ಕಿಕೊಳ್ಳುವುದೇ ಅದು. ಹಾಗಾಗಿ ಲಿಫ್ಟ್ ಇರುವುದು ದೊಡ್ಡ ಟೈರಿಗೆ ಜಾಗ ಮಾಡಿಕೊಡಲು. ಟೈರ್ ಯಾವುದು ಅಂತ ಮೊದಲು ತೀರ್ಮಾನಿಸಿ. ಎಷ್ಟು ಇಂಚು ಅನ್ನುವುದಕ್ಕೆ ಉತ್ತರ ಅಲ್ಲೇ ಸಿಗುತ್ತದೆ.

ಕೊಳ್ಳುವಾಗ

ಮೊದಲೇ ಲಿಫ್ಟ್ ಆಗಿರುವ ಹಳೆ ಗಾಡಿ ಕೊಳ್ಳಬಹುದು. ಇಲ್ಲವೇ ಏನೂ ಮುಟ್ಟದ ಗಾಡಿ ಕೊಂಡು ನೀವೇ ಮಾಡಿಸಬಹುದು. ನನ್ನ ಮಟ್ಟಿಗೆ ಎರಡನೆಯದೇ ಮೇಲು. ಬೇರೆಯವರು ಎಷ್ಟು ಆಳದ ನೀರಿಗೆ ಇಳಿಸಿದ್ದರು, ಯಾವ ಬೋಲ್ಟ್ ಎಷ್ಟು ಬಿಗಿ ಮಾಡಿದ್ದರು ಅನ್ನುವುದು ಗೊತ್ತಾಗುವುದಿಲ್ಲ ಅಲ್ವಾ? ನಾನು ಮೊದಲು ಕೊಂಡ ಗಾಡಿ ಮೇಲಿಂದ ಫಳಫಳ ಹೊಳೆಯುತ್ತಿತ್ತು. ಹತ್ತು ದಿನಕ್ಕೆ ಹಿಂದಿನ ಆಕ್ಸಲ್ ಗೊಂಯ್ ಅನ್ನತೊಡಗಿತು. ಬಿಚ್ಚಿದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಒಳಗೆ ನೀರು ಸೇರಿ ಬೇರಿಂಗುಗಳನ್ನೆಲ್ಲ ತಿಂದುಹಾಕಿತ್ತು.

ಅಂದಿನಿಂದ ನಾನು ಪೇಂಟ್ ನೋಡುವುದು ಕೊನೆಗೆ. ಗಾಡಿ ಹಿಂದಿನ ರಾತ್ರಿಯಿಂದ ಅಲುಗದೆ ನಿಂತಿರಲಿ ಅಂತ ಮಾರುವವರಿಗೆ ಮೊದಲೇ ಹೇಳಿಬಿಡಿ. ಬೆಳಿಗ್ಗೆ ಹೋಗಿ, ಅವರ ಒಪ್ಪಿಗೆ ಕೇಳಿ, ಡಿಫರೆನ್ಷಿಯಲ್ ಕೆಳಗಿನ ಡ್ರೇನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ರಾತ್ರಿಯಿಡೀ ತಳಕ್ಕೆ ಇಳಿದಿರುತ್ತದೆ. ಒಳಗೆ ನೀರಿದ್ದರೆ ಮೊದಲ ನಾಲ್ಕು ಹನಿಯಲ್ಲೇ ಕಾಣುತ್ತದೆ. ಡ್ರೇನ್ ಬೋಲ್ಟ್ ಇಲ್ಲದ ಆಕ್ಸಲ್ ಆದರೆ ಆಯಿಲ್ ತುಂಬುವ ತೂತಿನೊಳಗೆ ಬೆರಳಿಟ್ಟು ಬಣ್ಣ ನೋಡಿ.

ಆಮೇಲೆ ಚಾಸಿ. ಸಣ್ಣ ಸುತ್ತಿಗೆ ತೆಗೆದುಕೊಂಡು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ಹಿಡಿದದ್ದು ಬೊದ್ದು ಸದ್ದು ಮಾಡುತ್ತದೆ. ಕೆಸರು ಚಾಸಿಯ ಒಳಗಡೆ ಕೂತು, ತೇವ ಹಿಡಿದುಕೊಂಡು, ಒಳಗಿನಿಂದ ತಿನ್ನುತ್ತದೆ. ಹೊರಗಿನ ಕಪ್ಪು ಬಣ್ಣ ನಂಬಬೇಡಿ. ಸ್ಟೀರಿಂಗ್ ಬಾಕ್ಸ್ ಕೂರುವ ಜಾಗದಲ್ಲಿ ಬಿರುಕು ಅಥವಾ ಹೊಸ ವೆಲ್ಡಿಂಗ್ ಕಂಡರೆ ಆ ಗಾಡಿ ಬಿಟ್ಟುಬಿಡಿ. ಚೌಕಾಸಿಯೂ ಬೇಡ. ಕಾರ್ಪೆಟ್ ಎತ್ತಿ ಮೂಗಿಟ್ಟು ನೋಡಿ. ಮುಗ್ಗಲು ವಾಸನೆ, ಸೀಟಿನ ಕಂಬಿ ಮೇಲೆ ಒಣಗಿದ ಕೆಸರಿನ ಗೆರೆ ಇದ್ದರೆ ನೀರು ಒಳಗೆ ಬಂದಿದೆ ಅಂತಲೇ ಅರ್ಥ. ಆ ನೀರು ವೈರಿಂಗ್ ಕನೆಕ್ಟರುಗಳನ್ನೂ ಮುಟ್ಟಿರುತ್ತದೆ. ಓಡಿಸಿ ನೋಡುವಾಗ ಮಣ್ಣಿನ ದಾರಿಯಲ್ಲಿ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಹೈ (ಮಾಮೂಲಿ ವೇಗ), ಫೋರ್ ಲೋ (ನಿಧಾನ, ಹೆಚ್ಚು ಎಳೆತ) ಎರಡಕ್ಕೂ ಹಾಕಿ, ಮುಂದಿನ ಚಕ್ರಗಳು ನಿಜವಾಗಿ ಎಳೆಯುತ್ತವೆಯೇ ಅಂತ ಖಾತ್ರಿ ಮಾಡಿಕೊಳ್ಳಿ.

ಟೈರ್

ಕೆಸರಿಗೆ ಮಡ್ ಟೆರೈನ್ ಟೈರ್ ಬೇಕು. ಅದರ ಗಟ್ಟೆಗಳ (ಟೈರ್ ಮೇಲಿನ ರಬ್ಬರ್ ಉಬ್ಬುಗಳ) ನಡುವಿನ ಸಂದು ಅಗಲವಾಗಿರುತ್ತದೆ. ಚಕ್ರ ಜೋರಾಗಿ ತಿರುಗಿದಾಗ ಮೆತ್ತಿದ ಕೆಸರು ಆ ಸಂದಿನಿಂದ ಎಗರಿ ಹೋಗುತ್ತದೆ, ಗಟ್ಟೆ ಮತ್ತೆ ನೆಲ ಕಚ್ಚುತ್ತದೆ. ಆಲ್ ಟೆರೈನ್ ಟೈರಿನ ಸಂದು ಚಿಕ್ಕದು. ಅಂಟು ಮಣ್ಣಲ್ಲಿ ಎರಡು ಸುತ್ತಿಗೇ ತುಂಬಿ ನುಣ್ಣಗಾಗಿಬಿಡುತ್ತದೆ. ಆದರೆ ವಾರದಲ್ಲಿ ಆರು ದಿನ ಡಾಂಬರು ರಸ್ತೆಯಲ್ಲೇ ಓಡಿಸುವವರಿಗೆ ಮಡ್ ಟೈರಿನ ಗುಂಯ್‌ಗುಡುವ ಸದ್ದು, ಬೇಗ ಸವೆಯುವುದು, ಒದ್ದೆ ರಸ್ತೆಯಲ್ಲಿ ಹಿಡಿತ ಕಮ್ಮಿಯಾಗುವುದು ಎಲ್ಲ ಇದ್ದದ್ದೇ. ಅದನ್ನು ಒಪ್ಪಿಕೊಂಡೇ ಹಾಕಿಸಿ.

ಅಗಲದ ಟೈರ್ ಒಳ್ಳೆಯದೋ, ಅಗಲ ಕಮ್ಮಿ ಇರುವುದೋ? ನಿಮ್ಮ ಕೆಸರು ಎಂಥದ್ದು ಅನ್ನುವುದರ ಮೇಲಿದೆ. ಒಂದಡಿ ಕೆಸರಿನ ಕೆಳಗೆ ಗಟ್ಟಿ ನೆಲ ಇದ್ದರೆ ಕಮ್ಮಿ ಅಗಲದ ಟೈರ್ ಸೀಳಿಕೊಂಡು ಕೆಳಗಿಳಿದು ಅದನ್ನು ಹಿಡಿಯುತ್ತದೆ. ತಳವೇ ಸಿಗದ ಹುದುಲಾದರೆ ಅಗಲದ ಟೈರ್ ಮೇಲೆ ತೇಲಿಸಿಕೊಂಡು ಹೋಗುತ್ತದೆ. ಟೈರ್ ಮೇಲೆ 35x12.50 ಅಂತಿದ್ದರೆ ಎತ್ತರ 35 ಇಂಚು, ಅಗಲ 12.5 ಇಂಚು. 285/75ಆರ್16 ಅಂತಿದ್ದರೆ ಲೆಕ್ಕ ಹಾಕಬೇಕು. 285 ಮಿಲಿಮೀಟರಿನ ಶೇಕಡಾ 75ರ ಎರಡರಷ್ಟು, ಅದಕ್ಕೆ 16 ಇಂಚಿನ ರಿಮ್ ಸೇರಿಸಿ. ಸುಮಾರು 33 ಇಂಚು ಬರುತ್ತದೆ.

ಲಿಫ್ಟ್

ಬಾಡಿ ಲಿಫ್ಟ್ ಅಂದರೆ ಚಾಸಿಗೂ ಬಾಡಿಗೂ ನಡುವೆ ಗಟ್ಟಿ ತುಂಡುಗಳನ್ನು ಇಟ್ಟು 1ರಿಂದ 3 ಇಂಚು ಎತ್ತುವುದು. ಟೈರಿಗೆ ಜಾಗ ಸಿಗುತ್ತದೆ, ಆದರೆ ಚಾಸಿ ಇದ್ದಲ್ಲೇ ಇರುತ್ತದೆ. ಸಸ್ಪೆನ್ಷನ್ ಲಿಫ್ಟ್ ಚಾಸಿಯನ್ನೂ ಎತ್ತುತ್ತದೆ. ಕೆಸರಿಗೆ ಇದು ಸರಿ. ಹಿಂದೆ ಪ್ಲೇಟು ಸ್ಪ್ರಿಂಗ್ ಇರುವ ಗಾಡಿಗೆ ಹೊಸ ಪ್ಲೇಟು ಸೆಟ್ ಹಾಕಿಸಿದರೆ ಉತ್ತಮ. ಆಕ್ಸಲಿಗೂ ಪ್ಲೇಟಿಗೂ ನಡುವೆ ಬ್ಲಾಕ್ (ಗಟ್ಟಿ ತುಂಡು) ಇಡುವುದು ಅಗ್ಗದ ದಾರಿ. ಹಿಂದೆ ಒಂದು ಬ್ಲಾಕ್ ನಡೆಯುತ್ತದೆ. ಮುಂದಿನ ಆಕ್ಸಲಿಗೆ ಬ್ಲಾಕ್ ಬೇಡವೇ ಬೇಡ. ಬ್ರೇಕ್ ಹಾಕಿದಾಗ ಜಾರಿ ಹೊರಬಂದರೆ ಸ್ಟೀರಿಂಗ್ ಕೈಬಿಟ್ಟ ಹಾಗೇ.

ಮುಂದೆ ಇಡೀ ಆಕ್ಸಲ್ ಬದಲು ಎರಡು ಚಕ್ರಕ್ಕೂ ಬೇರೆ ಬೇರೆ ಸಸ್ಪೆನ್ಷನ್ ಇರುವ ಗಾಡಿಗಳಲ್ಲಿ ಎರಡು, ಎರಡೂವರೆ ಇಂಚು ದಾಟಿದರೆ ಮುಂದಿನ ಶಾಫ್ಟುಗಳ ಕೋನ ಜಾಸ್ತಿಯಾಗಿ ರಬ್ಬರ್ ಬೂಟ್ ಹರಿಯತೊಡಗುತ್ತದೆ. ಅದಕ್ಕೂ ಮೇಲೆ ಹೋಗುವುದಾದರೆ ಡಿಫರೆನ್ಷಿಯಲನ್ನೂ ಕೆಳಗಿಳಿಸುವ ಪೂರ್ತಿ ಕಿಟ್ ಬೇಕು. ಸುಮ್ನೆ ಎತ್ತರಕ್ಕೆ ಇಡುವ ಬಿಲ್ಲೆ, ಅಂದರೆ ಸ್ಪೇಸರ್ ಮೇಲೆ ಸ್ಪೇಸರ್ ಪೇರಿಸಬೇಡಿ. ಬ್ರೇಕ್ ಹೋಸ್ ಉದ್ದ ಸಾಕೇ, ಡಿಫರೆನ್ಷಿಯಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟ್ ಕ್ರಾಸುಗಳ ಕೋನ ಸರಿಯಿದೆಯೇ ಅನ್ನುವುದನ್ನು ಅಲ್ಲೇ ನಿಂತು ತೋರಿಸಿಕೊಳ್ಳಿ. ಕೊನೆಗೆ ವೀಲ್ ಅಲೈನ್‌ಮೆಂಟ್. ಹೆಡ್‌ಲೈಟ್ ಬೆಳಕನ್ನೂ ಕೆಳಗಿಳಿಸಿ, ಎದುರಿನವರ ಕಣ್ಣು ಕುಕ್ಕಬಾರದು.

ಇನ್ನೊಂದು ಮಾತು. ಎತ್ತರ ಏರಿದಷ್ಟೂ ಗಾಡಿ ಪಲ್ಟಿಯಾಗುವುದು ಸುಲಭ. 35 ಇಂಚಿನ ಟೈರಿಗೆ ಜಾಗ ಸಿಕ್ಕಿತು ಅಂದಮೇಲೆ ಅಲ್ಲಿಗೇ ನಿಲ್ಲಿಸಿ. ನೀವಿರುವ ಕಡೆ ಎಷ್ಟು ಬದಲಾವಣೆಗೆ ಅನುಮತಿಯಿದೆ, ವಿಮೆ ಏನು ಹೇಳುತ್ತದೆ ಅನ್ನುವುದನ್ನು ಕಿಟ್ ಕೊಳ್ಳುವ ಮೊದಲೇ ವಿಚಾರಿಸಿ.

ಗೇರ್ ಮತ್ತು ಲಾಕರ್

ದೊಡ್ಡ ಟೈರ್ ಹಾಕಿದ ಮೇಲೆ ಗಾಡಿ ಮಂಕಾಗುತ್ತದೆ. ಅದು ಇಂಜಿನ್ ತಪ್ಪಲ್ಲ. ಲೆಕ್ಕ ಸುಲಭ: ಹಳೆ ಡಿಫರೆನ್ಷಿಯಲ್ ಅನುಪಾತವನ್ನು (ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು) ಹೊಸ ಟೈರಿನ ಎತ್ತರದಿಂದ ಗುಣಿಸಿ, ಹಳೆ ಟೈರಿನ ಎತ್ತರದಿಂದ ಭಾಗಿಸಿ. 3.73 ಅನುಪಾತದ ಗಾಡಿಗೆ 31 ಬದಲು 35 ಹಾಕಿದರೆ 4.21 ಬರುತ್ತದೆ. ಮೊದಲಿನ ಎಳೆತ ವಾಪಸ್ ಬರಲು ಅಷ್ಟು ಬೇಕು. ಕೆಸರಿಗೆ ಅಂತಲೇ ಆದರೆ 4.56 ಸೆಟ್ ಹಾಕಿಸುವುದು ಮೇಲು. ಮುಂದೆ ಹಿಂದೆ ಎರಡೂ ಕಡೆ ಒಂದೇ ಅನುಪಾತ ಇರಲೇಬೇಕು. ಇಲ್ಲದಿದ್ದರೆ ಫೋರ್ ವೀಲ್‌ಗೆ ಹಾಕಿದ ಕೂಡಲೇ ಒಂದಕ್ಕೊಂದು ತಿಣುಕಿ ಏನೋ ಒಂದು ಮುರಿಯುತ್ತದೆ. ಸ್ಪೀಡೋಮೀಟರನ್ನೂ ಸರಿಪಡಿಸಿಕೊಳ್ಳಿ. ಟೈರ್ ಮಾತ್ರ ಬದಲಾದ ಗಾಡಿಯಲ್ಲಿ ಮುಳ್ಳು 60 ತೋರಿಸುವಾಗ ನೀವು ಸುಮಾರು 68ರಲ್ಲಿರುತ್ತೀರಿ.

ಮಾಮೂಲಿ ಡಿಫರೆನ್ಷಿಯಲ್ಲಿನಲ್ಲಿ ಒಂದು ಚಕ್ರ ಜಾರಿ ಸುಮ್ಮನೆ ತಿರುಗತೊಡಗಿದರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಅಷ್ಟೇ ಅಲ್ಪ ಬಲ ಸಿಗುತ್ತದೆ. ಲಾಕರ್ ಎರಡನ್ನೂ ಒಟ್ಟಿಗೆ ಕಟ್ಟಿಹಾಕುತ್ತದೆ. ಒಂದೇ ಹಾಕಿಸಲು ದುಡ್ಡಿದ್ದರೆ ಹಿಂದಕ್ಕೆ ಹಾಕಿಸಿ. ಬೇಕೆಂದಾಗ ಮಾತ್ರ ಹಾಕಿ ತೆಗೆಯುವಂಥದ್ದು ರಸ್ತೆಗೂ ಒಳ್ಳೆಯದು.

ಜನ ಮರೆಯುವ ಸಣ್ಣ ಪೈಪು

ಆಕ್ಸಲಿಗೆ ಉಸಿರಾಡಲು ಬ್ರೀದರ್ ಅನ್ನುವ ಸಣ್ಣ ಕಿಂಡಿ ಇದೆ. ಓಡಿ ಬಿಸಿಯಾದ ಆಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಆ ಕಿಂಡಿಯಿಂದಲೋ ಸೀಲಿನಿಂದಲೋ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನನ್ನ ಮೊದಲ ಗಾಡಿಯ ಆಯಿಲ್ ಕೆಟ್ಟಿದ್ದು ಹೀಗೇ. ಎರಡು ಡಿಫರೆನ್ಷಿಯಲ್, ಗೇರ್‌ಬಾಕ್ಸ್, ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಎಲ್ಲದರ ಬ್ರೀದರಿಗೂ ಉದ್ದದ ಪೈಪು ಜೋಡಿಸಿ ಇಂಜಿನ್ ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ. ಲಿಫ್ಟಿಗಿಂತ ಮೊದಲು ಆಗಬೇಕಾದ ಕೆಲಸ ಇದು. ಖರ್ಚೂ ತೀರ ಕಮ್ಮಿ. ಆಳದ ನೀರು ದಾಟುವವರು ಇಂಜಿನ್ನಿಗೆ ಎತ್ತರದಿಂದ ಗಾಳಿ ಎಳೆದುಕೊಡುವ ಕೊಳವೆ, ಅಂದರೆ ಸ್ನಾರ್ಕೆಲ್ ಹಾಕಿಸಲಿ. ಸಿಲಿಂಡರಿಗೆ ನೀರು ಹೋದರೆ ಅದನ್ನು ಗಾಳಿಯಂತೆ ಒತ್ತಿ ಕುಗ್ಗಿಸಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಹೋಗುತ್ತದೆ.

ಹೂತುಹೋದಾಗ

ಒಂದಲ್ಲ ಒಂದು ದಿನ ಗಾಡಿ ಹೂತೇ ಹೋಗುತ್ತದೆ. ಚಾಸಿಗೆ ಬೋಲ್ಟ್ ಮಾಡಿದ ಗಟ್ಟಿ ಕೊಂಡಿ ಮುಂದೊಂದು ಹಿಂದೊಂದು ಬೇಕು. ಟ್ರೇಲರ್ ಸಿಕ್ಕಿಸುವ ಕಬ್ಬಿಣದ ಉಂಡೆಗೆ ಹಗ್ಗ ಹಾಕಿ ಎಳೆಯಬೇಡಿ. ಅದು ಮುರಿದರೆ ಗುಂಡಿನ ಹಾಗೆ ಹಾರುತ್ತದೆ, ಹೀಗೆ ಪ್ರಾಣ ಹೋಗಿದ್ದೂ ಇದೆ. ಹಗ್ಗ ಸುತ್ತಿಕೊಂಡು ಗಾಡಿ ಎಳೆಯುವ ವಿಂಚ್ ಕೊಳ್ಳುವುದಾದರೆ ಲೋಡ್ ಸೇರಿ ಗಾಡಿಯ ತೂಕದ ಒಂದೂವರೆ ಪಟ್ಟು ಎಳೆಯುವಂಥದ್ದಿರಲಿ. 3000 ಕಿಲೋ ಗಾಡಿಗೆ 4500 ಕಿಲೋದ್ದು. ಎಳೆಯುವಾಗ ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು. ಗುದ್ದಲಿ, ಸಲಿಕೆ, ಗಾಳಿ ತುಂಬುವ ಪಂಪ್ ಯಾವತ್ತೂ ಗಾಡಿಯಲ್ಲೇ ಇರಲಿ.

ಕೆಸರಿಗೆ ಇಳಿಯುವ ಮೊದಲು ಇಳಿದು ನಡೆದು, ಕೋಲಿಟ್ಟು ಆಳ ನೋಡಿ. ಬೇರೆಯವರ ಹೊಲಕ್ಕೆ, ಹರಿಯುವ ತೊರೆಗೆ ಇಳಿಸಬೇಡಿ. ಟೈರಿನ ಗಾಳಿಯನ್ನು 18ರಿಂದ 20 ಪಿಎಸ್‌ಐಗೆ ಇಳಿಸಿ. 15ಕ್ಕಿಂತ ಕೆಳಗೆ ಹೋದರೆ ಮಾಮೂಲಿ ರಿಮ್‌ನಿಂದ ಟೈರ್ ಕಳಚಿಕೊಳ್ಳಬಹುದು. ಗೇರ್ ಮೊದಲೇ ಹಾಕಿಕೊಂಡು ಒಂದೇ ವೇಗದಲ್ಲಿ ಹೋಗಿ. ವೇಗ ಕುಸಿಯುತ್ತಿದ್ದರೆ ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಅಲ್ಲಾಡಿಸಿ. ಟೈರಿನ ಪಕ್ಕದ ಗಟ್ಟೆಗಳು ಹೊಸ ನೆಲ ಹುಡುಕಿಕೊಳ್ಳುತ್ತವೆ. ಪೂರ್ತಿ ನಿಂತಮೇಲೆ ಆಕ್ಸಿಲರೇಟರ್ ತುಳಿಯಬೇಡಿ, ಗುಂಡಿ ತೋಡಿದ ಹಾಗಾಗುತ್ತದೆ. ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ.

ಮನೆಗೆ ಬಂದ ಮೇಲೆ

ರಸ್ತೆಗೆ ಹತ್ತುವ ಮೊದಲೇ ಟೈರಿಗೆ ಗಾಳಿ ತುಂಬಿರಬೇಕು. ಮನೆಗೆ ಬಂದ ದಿನವೇ, ಕೆಸರು ಒಣಗುವ ಮೊದಲೇ ತೊಳೆಯಿರಿ. ರೇಡಿಯೇಟರನ್ನು ಇಂಜಿನ್ ಕಡೆಯಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ತೊಳೆಯಬೇಕು. ಚಾಸಿಯ ಒಳಗೆ, ಬ್ರೇಕ್ ಡ್ರಮ್ಮಿಗೆ, ರಿಮ್ಮಿನ ಒಳಸುತ್ತಿಗೆ ಪೈಪು ಹಿಡಿಯಿರಿ. ಜಾಯಿಂಟ್ ಕ್ರಾಸುಗಳಿಗೆ ಹಳೆ ಗ್ರೀಸ್ ಹೋಗಿ ಹೊಸದು ಹೊರಗೆ ಕಾಣುವ ತನಕ ಗ್ರೀಸ್ ಹೊಡೆಯಿರಿ. ಹೊಸ ಲಿಫ್ಟ್ ಆಗಿದ್ದರೆ ಆಕ್ಸಲನ್ನು ಪ್ಲೇಟಿಗೆ ಕಟ್ಟುವ ಯು ಬೋಲ್ಟುಗಳನ್ನು ಕಿಟ್ ಜೊತೆಗಿನ ಚೀಟಿಯಲ್ಲಿರುವ ಟಾರ್ಕಿಗೆ (ಬಿಗಿತದ ಅಳತೆಗೆ) ಮತ್ತೊಮ್ಮೆ ಬಿಗಿ ಮಾಡಿಸಿ, ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಅವು ಸಡಿಲವಾಗುತ್ತವೆ. ನೀರು ದಾಟಿದ್ದರೆ ಗಾಡಿಯನ್ನು ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಎದ್ದು ಚಾವಿ ಹಾಕುವ ಮೊದಲು, ಕೊಳ್ಳುವಾಗ ಮಾಡಿದಂತೆಯೇ ಡ್ರೇನ್ ಬೋಲ್ಟನ್ನು ಸ್ವಲ್ಪ ಸಡಿಲಿಸಿ ಮೊದಲ ನಾಲ್ಕು ಹನಿ ಅಂಗೈ ಮೇಲೆ ಹಿಡಿದು ನೋಡಿ.